ಹಮ್ಮಿನ ರಿಪೇರಿ

“ಹಮ್ಮು ತುಂಬಾ ಜಾಸ್ತಿ ಆಗಿದೆ. ಹನ್ನೊಂದು ವರ್ಷದಿಂದ ಇದೇ ಕೂತಿದೆಯಲ್ಲ, ಉಬ್ಬಿಹೋಗಿದೆ. ಕಿತ್ತುಹಾಕಿ ಬೇರೆಯದು ಕೂರಿಸಿದ್ರೇನೇ ಸರಿ,” ಎಂದಳು ರಿಪೇರಿಯವಳು.

ವೇದಿಕೆಯ ಹಿಂದಿನ ಕೋಣೆಯಲ್ಲಿ, ಅವಳ ಮುಂದೆ ಸಭಾಂಗಣದ ಆಂಪ್ಲಿಫೈಯರ್ ಮುಚ್ಚಳ ಬಿಚ್ಚಿಕೊಂಡು ಬಿದ್ದಿತ್ತು. ಮೈಕ್ ಕಿತ್ತರೂ, ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಅದರ ಗುಂಯ್ ಸದ್ದು ನಿಂತಿರಲಿಲ್ಲ. ರಿಪೇರಿಯವರ ಬಾಯಲ್ಲಿ ಆ ಸದ್ದಿಗೆ ‘ಹಮ್ಮು’ ಎಂದೇ ಹೆಸರು. ಅಂದಮೇಲೆ ತೊಂದರೆ ಪವರ್ ಸಪ್ಲೈನಲ್ಲೇ ಎಂದು ಮೀಟರ್ ಹಿಡಿದು ಹುಡುಕಿ, ಕರೆಂಟನ್ನು ಸೋಸಿ ಕೊಡಬೇಕಾದ ದಪ್ಪ ಕೆಪಾಸಿಟರ್ ತಲೆ ಉಬ್ಬಿಸಿಕೊಂಡು ಕೂತಿದ್ದನ್ನು ಅವಳು ಪತ್ತೆಹಚ್ಚಿದ್ದಳು. ಬಡಾವಣೆ ಸಂಘದ ಕಾರ್ಯದರ್ಶಿ, ಪಾಪ, ಟಾರ್ಚ್ ಹಿಡಿದು ಬಗ್ಗಿ ನಿಂತಿದ್ದ.

ಬಾಗಿಲ ಹೊರಗಿದ್ದ ಸಂಘದ ಅಧ್ಯಕ್ಷರಿಗೆ ಇದ್ಯಾವುದೂ ಕಾಣಲಿಲ್ಲ. ಮಾತು ಕೇಳಿಸಿತು ಅಷ್ಟೆ. ಹನ್ನೊಂದು ವರ್ಷದಿಂದ ಕುರ್ಚಿ ಬಿಡದೆ ಕೂತ ಮಹಾನುಭಾವರು ಇಡೀ ಬಡಾವಣೆಯಲ್ಲಿ ಇನ್ನೊಬ್ಬರಿಲ್ಲವಾದ್ದರಿಂದ, ಮಾತು ಯಾರ ಬಗ್ಗೆ ಎಂದು ಅವರು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ.

“ಸುಮ್ನೆ ಕಿತ್ರೆ ಬಂದ್ಬಿಡುತ್ತಾ ಅಕ್ಕ?” ಕಾರ್ಯದರ್ಶಿಯ ದನಿ.

“ಅಯ್ಯೋ, ಹಾಗೆಲ್ಲ ಕೈ ಹಾಕ್ಬೇಡಿ! ಕನೆಕ್ಷನ್ ತಪ್ಪಿಸಿದ್ರೂ ಒಳಗೆ ಪವರ್ ಹಿಡ್ಕೊಂಡೇ ಕೂತಿರುತ್ತೆ ಇದು. ಮೊದ್ಲು ಅದನ್ನ ಇಳಿಸ್ಬೇಕು.”

ಇದು! ಹಮ್ಮು ಅಂದದ್ದನ್ನಾದರೂ ಅಧ್ಯಕ್ಷರು ನುಂಗಿಕೊಳ್ಳುತ್ತಿದ್ದರೇನೋ. ‘ಇವರು’ ಹೋಗಲಿ, ‘ಇವನು’ ಕೂಡ ಅಲ್ಲ, ‘ಇದು’! ಮೈಯೆಲ್ಲ ಉರಿದುಹೋಯಿತು. ಜೊತೆಗೇ ಎದೆಯೂ ಝಲ್ಲೆಂದಿತು. ಕುರ್ಚಿ ಹೋದರೆ ಗೇಟಿನ ಕಾವಲುಗಾರ ಕೂಡ ಎದ್ದು ನಿಲ್ಲುವುದಿಲ್ಲ. ಮನೆಯಲ್ಲಂತೂ ಅವರ ಮಾತಿಗೆ ಹೂಂಗುಟ್ಟುವವರು ಮೊದಲಿನಿಂದಲೂ ಇಲ್ಲ.

ಇಂಥ ಪಿತೂರಿಗೆ ಅವರ ಹತ್ತಿರ ಒಂದೇ ಮದ್ದು, ರಾಜೀನಾಮೆ. ನಾಲ್ಕು ವರ್ಷದಿಂದ ಪ್ರತಿ ವಾರ್ಷಿಕ ಸಭೆಯಲ್ಲೂ ಕೊಡುತ್ತಲೇ ಬಂದಿದ್ದರು. ಆ ಗುಂಯ್ ಸದ್ದಿನಲ್ಲಿ ಅವರು ಹೇಳಿದ್ದು ಯಾರಿಗೂ ಕೇಳುತ್ತಿರಲಿಲ್ಲ. ಜನ ಕಿವಿ ಮುಚ್ಚಿಕೊಂಡು, “ಬೇಡ, ಬೇಡ! ಮೈಕ್ ಬೇಡ!” ಎಂದು ಕಿರುಚುತ್ತಿದ್ದರು. ಅದರಲ್ಲಿ ಮೊದಲ ಎರಡು ಮಾತನ್ನಷ್ಟೇ ಆರಿಸಿಕೊಂಡು, ಅಧ್ಯಕ್ಷರು ಕಣ್ಣೊರೆಸುತ್ತಾ ಮತ್ತೆ ಕುರ್ಚಿಯಲ್ಲಿ ಕೂರುತ್ತಿದ್ದರು.

ಅರ್ಧ ಗಂಟೆಯಲ್ಲಿ ಈ ವರ್ಷದ ಸಭೆ ಶುರುವಾಯಿತು. ಹೊಸ ಕೆಪಾಸಿಟರ್ ಕೂತಿತ್ತು; ಆಂಪ್ಲಿಫೈಯರ್ ಆನ್ ಆಗಿದೆಯೋ ಇಲ್ಲವೋ ಅನ್ನುವಷ್ಟು ತೆಪ್ಪಗಿತ್ತು. ಸ್ವಾಗತ ಭಾಷಣ ಮುಗಿಯುವುದಕ್ಕೂ ಬಿಡದೆ ಅಧ್ಯಕ್ಷರು ಮೈಕ್ ಕಸಿದುಕೊಂಡರು.

“ಬೆನ್ನ ಹಿಂದೆ ಯಾರ್ಯಾರು ಏನೇನು ಮಾತಾಡ್ತೀರಿ ಅಂತ ನನಗೆಲ್ಲ ಗೊತ್ತು! ನಿಮ್ಮ ಕುರ್ಚಿ ನೀವೇ ಇಟ್ಕೊಳ್ಳಿ. ಈ ಕ್ಷಣವೇ ರಾಜೀನಾಮೆ ಕೊಟ್ಟಿದ್ದೀನಿ!”

ಕೊನೆಯ ಸಾಲಿನ ಕಿವಿ ಮಂದದ ಅಜ್ಜಿಗೂ ಒಂದಕ್ಷರ ಬಿಡದೆ ಕೇಳಿಸಿತು. ಅಧ್ಯಕ್ಷರು ಕರವಸ್ತ್ರ ಹಿಡಿದು ಕಾದರು. ಯಾರೂ ಬೇಡ ಅನ್ನಲಿಲ್ಲ. ಅವರು ಉಗುಳು ನುಂಗಿದ್ದು ಕೂಡ ಸ್ಪೀಕರಿನಲ್ಲಿ ಚೆನ್ನಾಗಿ ಬಂತು.

ನಡವಳಿ ಪುಸ್ತಕ ಬಿಚ್ಚಿ ಕೂತಿದ್ದ ಕಾರ್ಯದರ್ಶಿ ಪೆನ್ನು ಎತ್ತಿ, ಬಹಳ ವಿನಯದಿಂದ ಕೇಳಿದ: “ಸಾರ್, ‘ಈ ಕ್ಷಣ’ ಅಂದ್ರೆ ಎಷ್ಟು ಗಂಟೆ ಅಂತ ಬರ್ಕೊಳ್ಳಲಿ?”