ಧಣಿಯ ಹತ್ತೊಂಬತ್ತು ಸಾವಿರ ಹೆಜ್ಜೆ

"ದಿನಾ ಹತ್ತು ಸಾವಿರ ಹೆಜ್ಜೆ ನಡೆಯುವವರು ಮಾತ್ರ ನನ್ನ ಜೊತೆ ಬಂಡೆ ಹತ್ತಿ. ಉಳಿದವರು ಕಾಡಿನ ದಾರಿಯಲ್ಲಿ ಸುತ್ತಿಕೊಂಡು ಬನ್ನಿ," ಎಂದ ಗೈಡ್ ಸುಹಾಸ.

"ನಮ್ಮ ಪಪ್ಪಾ ಹತ್ತೊಂಬತ್ತು ಸಾವಿರ! ಆರು ತಿಂಗಳಿಂದ, ಡೈಲಿ!" ಶ್ರಾವ್ಯಾ ಕೂಗಿಯೇ ಬಿಟ್ಟಳು. ಮುಂಬಯಿಯ ದಹಿಸರಿನಿಂದ ಬಂದಿದ್ದ ಮೂವತ್ತು ಜನರ ವಾಕಿಂಗ್ ಗ್ರೂಪು ಚಪ್ಪಾಳೆ ತಟ್ಟಿತು. ಅವಳ ಪಪ್ಪಾ, ಹೋಟೆಲ್ ಮಾಲೀಕ ಅನಿಲಕುಮಾರರು ಮಾತ್ರ ಹಳಸಿದ ಸಾಂಬಾರು ಮೂಸಿದವರ ಹಾಗೆ ನಿಂತರು.

ಪಾಪ, ಈ ಮನುಷ್ಯ ಗಲ್ಲಾ ಬಿಟ್ಟು ಎದ್ದರೆ ತಾನೇ! ಹೆಜ್ಜೆ ಎಣಿಸಲೆಂದು ಮಗಳು ಕೊಡಿಸಿದ ವಾಚನ್ನು ಬೆಳಿಗ್ಗೆ ಹೋಟೆಲಿಗೆ ಬಂದವರೇ ಬಿಚ್ಚಿ ಸಪ್ಲಾಯರ್ ಚೆನ್ನಯನ ಕೈಗೆ ಕಟ್ಟುವುದು, ಸಂಜೆ ಮನೆಗೆ ಹೊರಡುವಾಗ ವಾಪಸ್ ತೊಟ್ಟುಕೊಳ್ಳುವುದು. ಅಡುಗೆಮನೆಗೂ ಟೇಬಲಿಗೂ ತಿರುಗಿದ್ದು ಚೆನ್ನಯ, ಸಂಖ್ಯೆ ಬಂದದ್ದು ಶ್ರಾವ್ಯಾಳ ಮೊಬೈಲಿಗೆ. ಅದನ್ನು ನೋಡಿ ಖುಷಿಯಾದ ಡಾಕ್ಟರು ಹಾಗಲಕಾಯಿ ರಸ ನಿಲ್ಲಿಸಿ ದಿನಕ್ಕೊಂದು ತುಪ್ಪದ ದೋಸೆಗೆ ಒಪ್ಪಿಗೆ ಕೊಟ್ಟಿದ್ದರು. ಈಗ ಗುಟ್ಟು ರಟ್ಟಾದರೆ ದೋಸೆ ಹೋಯಿತು, ಹಾಗಲಕಾಯಿ ಬಂತು.

ಹುಲ್ಲಿನ ಬಯಲನ್ನು ಅನಿಲಕುಮಾರರು ಹೇಗೋ ದಾಟಿದರು. ಬಂಡೆಯ ಬುಡದಲ್ಲಿ ಅವರು ಕುಸಿದು ಕುಳಿತೇಬಿಟ್ಟರು. ಮಗಳು, ಗೈಡ್ ಎಲ್ಲ ಮುಂದೆ ಹೋಗಿಯಾಗಿತ್ತು. ಹಿಂದಿನಿಂದ ಚೆನ್ನಯ ಬಂದ. ತಲೆಯ ಮೇಲೆ ಎಲ್ಲರ ನಾಷ್ಟಾದ ಇಡ್ಲಿ ಡಬ್ಬ, ಕೈಯಲ್ಲಿ ಚಟ್ನಿ ಕ್ಯಾನು.

"ಚೆನ್ನಯಾ, ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ. ಈ ವಾಚು ಕಟ್ಟಿಕೊಂಡು ನೀನು ಹೋಗು."

"ಇಲ್ಲಿಯೂ ನಾನೇ ನಡೀಬೇಕಾ ಧಣಿ?"

"ದಮ್ಮಯ್ಯ! ನನ್ನ ದೋಸೆಯ ಪ್ರಶ್ನೆ!"

"ಹಾಗಾದ್ರೆ ಈ ಚಟ್ನಿ ಒಂದು ನೀವು ತನ್ನಿ," ಎಂದು ಕ್ಯಾನನ್ನು ಅವರ ಮಗ್ಗುಲಲ್ಲಿಟ್ಟ ಚೆನ್ನಯ, ಗಿರಾಕಿಗಳ ನಡುವೆ ನುಸುಳಿದಷ್ಟೇ ಸಲೀಸಾಗಿ ಬಂಡೆ ಹತ್ತಿಹೋದ.

ಮೇಲೆ ಶ್ರಾವ್ಯಾ ಮೊಬೈಲ್ ನೋಡಿ ಕುಣಿಯುತ್ತಿದ್ದಳು. "ವಾಹ್ ಪಪ್ಪಾ! ನಾನೂರು ಸ್ಟೆಪ್ಸ್, ಒಂದೇ ದಮ್ಮಿಗೆ!" ಪಪ್ಪಾ ಎಲ್ಲಿ ಎಂದು ಬಗ್ಗಿದರೆ, ಕೆಳಗೆ ಕುಳಿತು ಟೋಪಿಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದಾರೆ! ಸಂಖ್ಯೆ ಮಾತ್ರ ಇನ್ನೂ ಏರುತ್ತಿತ್ತು. ಅವಳ ಎದುರು ನಡೆದಾಡುತ್ತಿದ್ದವನು ಇಡ್ಲಿ ಹಂಚುವ ಚೆನ್ನಯ ಒಬ್ಬನೇ. ಅವನು ನಡೆದರೆ ಸಂಖ್ಯೆ ಏರಿತು, ನಿಂತರೆ ನಿಂತಿತು.

"ಚೆನ್ನಯ ಅಂಕಲ್, ಕೈ ತೋರಿಸಿ."

ತೋರಿಸಿದ.

"ಆರು ತಿಂಗಳಿಂದ ನಡೆದದ್ದೆಲ್ಲ ನೀವಾ?"

"ನಡೆಯುವುದು ಇಪ್ಪತ್ತೆಂಟು ವರ್ಷದಿಂದ. ಎಣಿಸಿದ್ದು ಆರು ತಿಂಗಳು," ಎಂದ ಚೆನ್ನಯ. "ಧಣಿಗೆ ಬೈಬೇಡಿ."

ಬೈಯಬೇಕೆಂದಿದ್ದವಳಿಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಚೆನ್ನಯನ ಕೈಯಿಂದ ಡಬ್ಬ ತೆಗೆದುಕೊಂಡು, ತಟ್ಟೆಯಲ್ಲಿ ನಾಲ್ಕು ಇಡ್ಲಿ ಹಾಕಿ ಅವನನ್ನು ಕೂರಿಸಿದಳು. ಅಷ್ಟರಲ್ಲಿ ಏದುಸಿರು ಬಿಡುತ್ತ ಅನಿಲಕುಮಾರರು ಬಂದರು. ಅವಳು ವಾಚನ್ನು ಅವರ ಕೈಗೇ ಬಿಗಿದಳು.

"ಡಾಕ್ಟರು ದೋಸೆ ಕೊಟ್ಟದ್ದು ನಡೆದವರಿಗೆ, ಪಪ್ಪಾ. ನಾಳೆಯಿಂದ ಅದು ಚೆನ್ನಯ ಅಂಕಲ್‌ಗೆ. ಟೇಬಲಿಗೆ ತಂದುಕೊಡುವವರು ನೀವು."

ಅನಿಲಕುಮಾರರು ದೋಸೆಯಂತೂ ಹೋಯಿತು, ಇಡ್ಲಿಯಾದರೂ ಸಿಗಲಿ ಎಂದು ಚೆನ್ನಯನ ಪಕ್ಕದಲ್ಲೇ ಕೂರಲು ಹೊರಟರು.

ಧಣಿಯ ಎದುರು ಮೊದಲ ಸಲ ಕುಳಿತು ತಿನ್ನುತ್ತಿದ್ದ ಚೆನ್ನಯ ಒಂದು ತುಂಡು ಇಡ್ಲಿ ಮುರಿದು ಅತ್ತಿತ್ತ ನೋಡಿದ.

"ಧಣಿ, ಚಟ್ನಿ ಕೆಳಗೇ ಬಿಟ್ಟು ಬಂದಿರಲ್ಲ," ಎಂದ. "ಹೋಗಿ ಬಂದರೆ ಎಂಟುನೂರು ಹೆಜ್ಜೆ."