ಅತ್ತೆಯ ಸರಕ್ಕೊಂದು ಸಿನಿಮಾ

ಅಂಗಡಿಯ ಮುಂದೆ ನಿಂತ ವ್ಯಾನಿನ ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು. ಹಾಂಗ್‌ಕಾಂಗಿನಲ್ಲಿ ಮಳೆ ಬಿದ್ದು ಎಷ್ಟೋ ದಿನವಾಗಿತ್ತು.

ಮೋಕ್ ಪಾಕ್-ಹೇಯ್ ಅಂಗಡಿಯ ಒಳಕೋಣೆಯಲ್ಲಿ ಕುಳಿತು, ಕಾವಲು ಕ್ಯಾಮೆರಾಗಳು ತೋರಿಸುತ್ತಿದ್ದುದನ್ನು ಸಣ್ಣ ಟಿವಿಯಲ್ಲಿ ನೋಡುತ್ತ ಮೂಗು ಮುರಿದ. ಸಿನಿಮಾದವರಂತೆ! ಆಭರಣದಂಗಡಿಯ ದರೋಡೆಯ ಕಥೆಯಂತೆ! ನಿರ್ದೇಶಕನೆಂದು ಹೇಳಿಕೊಂಡ ತಾಮ್ ಕೊಟ್ಟ ನಂಬರಿಗೆ ಫೋನ್ ಮಾಡಿದರೆ ಎತ್ತಿದವನು ಯಾವನೋ ನೂಡಲ್ಸ್ ಅಂಗಡಿಯವನು. ನಾಯಕಿಯ ಹೆಸರನ್ನು ಯಾರೂ ಕೇಳಿರಲಿಲ್ಲ. ದರೋಡೆಕೋರರ ಪಾತ್ರದವರ ಕುತ್ತಿಗೆಯ ಹಚ್ಚೆ ಬೆವರಿಗೂ ಅಳಿಸುತ್ತಿರಲಿಲ್ಲ. ಜಾಗ ನೋಡಲು ಬಂದ ದಿನವೇ ಅವರು ಅಲಾರಂ ಗುಂಡಿ ಎಲ್ಲಿದೆ, ಹಿಂಬಾಗಿಲು ಯಾವ ಗಲ್ಲಿಗೆ ತೆರೆಯುತ್ತದೆ, ಪೊಲೀಸು ಗಸ್ತು ಯಾವಾಗ ಬರುತ್ತದೆ ಎಂದೆಲ್ಲ ಕೇಳಿದ್ದರು. ಚಿತ್ರೀಕರಣದ ಸೋಗಿನಲ್ಲಿ ಅಂಗಡಿ ದೋಚುವ ತಂಡದ ಸುದ್ದಿ ಆಗಷ್ಟೇ ಪತ್ರಿಕೆಗಳಲ್ಲಿ ಬಂದಿತ್ತು. ಸುಳ್ಳು ಹೇಳುವುದಕ್ಕೂ ಒಂದು ಅಚ್ಚುಕಟ್ಟು ಬೇಡವೇ ಎಂದು ಮೋಕ್‌ಗೆ ಹೇಸಿಗೆಯಾಯಿತು.

ಪಕ್ಕದ ರೇಡಿಯೋ ಕುದುರೆ ಪಂದ್ಯದ ಫಲಿತಾಂಶ ಓದತೊಡಗಿತು. ಮೋಕ್ ಪಟ್ಟನೆ ಆರಿಸಿದ. ಚಳಿಗಾಲದಿಂದ ಅವನು ಹಣ ಕಟ್ಟಿದ ಒಂದು ಕುದುರೆಯೂ ಅವನ ಮಾತು ಕೇಳಿರಲಿಲ್ಲ.

ಹೊರಗೆ ಫುಟ್‌ಪಾತಿನ ಮೇಲೆ ಅವರು ಚಿತ್ರೀಕರಣದ ಮುಹೂರ್ತದ ಪೂಜೆಗೆಂದು ಮೇಜು ಹಾಕಿ, ಸುಟ್ಟ ಹಂದಿಯನ್ನಿಟ್ಟು, ಊದುಕಡ್ಡಿ ಹಚ್ಚಿ ನಾಲ್ಕು ದಿಕ್ಕಿಗೂ ಬಾಗುತ್ತಿದ್ದರು. ಮಾರಾಟ ನೋಡಿಕೊಳ್ಳುವ ಫುಂಗ್ ಅಕ್ಕ ಕೋಣೆಯೊಳಗೆ ತಲೆ ಹಾಕಿದಳು.

"ಯಜಮಾನ್ರೇ, ನಂಗ್ಯಾಕೋ ಇವ್ರು ಸರಿ ಕಾಣಿಸ್ತಿಲ್ಲ. ಪೊಲೀಸರಿಗೆ ಒಂದ್ಮಾತು ಹೇಳಿಬಿಡಿ."

"ಏನು ಮಾಡ್ಬೇಕೋ ಎಲ್ಲಾ ಮಾಡಿದ್ದೀನಿ. ನೀನು ಬಾಯಿ ಮುಚ್ಕೊಂಡು ನೋಡ್ತಿರು."

ಫುಂಗ್ ಅಕ್ಕನಿಗೆ ಧೈರ್ಯ ಬಂತು. ಯಜಮಾನರು ಬಲೆ ಬೀಸಿದ್ದಾರೆ ಎಂದುಕೊಂಡಳು.

ಯಜಮಾನ ಎನ್ನುವುದು ಬಾಯಿಮಾತು ಅಷ್ಟೇ. ಅಂಗಡಿ ಅತ್ತೆಯದು. ಮೋಕ್ ಮಲಗುವ ಮಂಚವೂ ಅತ್ತೆಯದೇ. ಅಂಗಡಿಯ ತಿಜೋರಿಯಲ್ಲಿದ್ದ ಹಸಿರು ಜೇಡ್ ಕಲ್ಲಿನ ಸರ ಅತ್ತೆಗೆ ತಾಯಿಯಿಂದ ಬಂದದ್ದು, ಈ ಭಾನುವಾರ ಮೊಮ್ಮಗಳ ಮದುವೆಗೆ ಹೊರಬರಬೇಕಾದದ್ದು. ಅದರಲ್ಲಿ ಒಂದು ಮಣಿ ಹೆಚ್ಚುಕಮ್ಮಿಯಾದರೂ ಅಳಿಯ ಉಟ್ಟ ಬಟ್ಟೆಯಲ್ಲಿ ಹೊರನಡೆಯಬೇಕೆಂದು ಅತ್ತೆ ತಿಜೋರಿಯ ಕೀಲಿ ಕೊಟ್ಟ ದಿನವೇ ಹೇಳಿದ್ದರು. ಇಂದು ಮಧ್ಯಾಹ್ನ ಸರ ಒಯ್ಯಲು ಅವರೇ ಬರುವವರಿದ್ದರು.

ಅಂಥ ಸರವನ್ನೇ ಮೋಕ್ ಪೆಟ್ಟಿಗೆಸಮೇತ ತಿಜೋರಿಯಿಂದ ತೆಗೆದು ಹೊರಗೆ ತಂದ. ತಾಮ್ ಗಾಬರಿಯಾದವನಂತೆ ಕೈಯಾಡಿಸಿದ.

"ಇದೆಲ್ಲ ಬೇಡ ಸಾರ್! ನಮ್ಹತ್ರ ಪ್ಲಾಸ್ಟಿಕ್ಕಿಂದು ಇದೆ, ಅದೇ ಸಾಕು."

"ನನ್ನ ಅಂಗಡಿ ಪರದೆ ಮೇಲೆ ಬರುವಾಗ ಪ್ಲಾಸ್ಟಿಕ್ಕಾ? ಮರ್ಯಾದೆ ಕಳೀಬೇಡ್ರಿ. ಫುಂಗ್ ಅಕ್ಕ, ನೀನೇ ಹೇಳು, ಇದು ನಮ್ಮತ್ತೆಯ ಸರ ಹೌದೋ ಅಲ್ವೋ?"

"ಅದೇ," ಎಂದಳು ಫುಂಗ್ ಅಕ್ಕ.

ನಾಯಕಿ ಸರವನ್ನು ಕೆನ್ನೆಗೆ ತಾಗಿಸಿಕೊಂಡು, ಮೋಕ್‌ನನ್ನು ನೋಡಿ ನಕ್ಕಳು. ಹಲ್ಲುಗಿಂಜುವುದನ್ನು ನೋಡು ಎಂದುಕೊಂಡು ಮೋಕ್ ಟಿವಿಯ ಮುಂದೆ ಹೋಗಿ ಕುಳಿತ.

ತಾಮ್ ಕೂಗು ಹಾಕಿದ. ಮುಖವಾಡದವರು ನುಗ್ಗಿದರು. ಪಿಸ್ತೂಲು ತೋರಿಸಿದರು, ನಾಯಕಿಯ ಕೊರಳಿಂದ ಸರ ಕಿತ್ತರು, ಓಡಿ ವ್ಯಾನ್ ಹತ್ತಿದರು. ತಾಮ್, ನಾಯಕಿ, ಉಳಿದವರು ಕೂಡ ಹಾರಿ ಹತ್ತಿದರು. ವ್ಯಾನ್ ನೇಥನ್ ರಸ್ತೆಯ ತಿರುವಿನಲ್ಲಿ ಮರೆಯಾಯಿತು. ಒಂದೇ ಗಳಿಗೆಯಲ್ಲಿ ಫುಟ್‌ಪಾತಿನಲ್ಲಿ ಉಳಿದದ್ದು ಹಂದಿಯ ತಲೆ ಮತ್ತು ಹೊಗೆ.

"ಹೋದ್ರು! ನಿಜವಾಗ್ಲೂ ಹೋದ್ರು! ಫೋನ್ ಮಾಡಿ ಯಜಮಾನ್ರೇ!" ಫುಂಗ್ ಅಕ್ಕ ಕಿರುಚಿದಳು.

"ಸ್ವಲ್ಪ ದೂರ ಹೋಗ್ಲಿ ತಡಿ."

ಮೋಕ್ ಕುರ್ಚಿಗೆ ಒರಗಿ ಚಹಾ ಹೀರಿದ. ಮೂರ್ಖರು! ಅವರಿಗೆ ಯಾರೋ ಬಾಗಿಲು ತೆರೆದಿಟ್ಟಿರುವುದೂ ತಿಳಿಯಲಿಲ್ಲ. ಲೋಟ ಖಾಲಿಯಾದ ಮೇಲೂ ಅವನು ಫೋನಿಗೆ ಕೈ ಹಾಕಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಮೋಕ್ ಎದ್ದುಬಿದ್ದು ಓಡಿದ. ಅವನ ಕಣ್ಣಲ್ಲಿ ನೀರು ಆಗಲೇ ಸಿದ್ಧವಾಗಿತ್ತು.

"ಅತ್ತೆ, ಮೋಸ ಹೋದ್ವಿ! ಸಿನಿಮಾದವ್ರು ಅಂತ ಬಂದು ಪಿಸ್ತೂಲು ತೋರ್ಸಿ ನಿಮ್ಮ ಸರ ಹೊತ್ಕೊಂಡು ಹೋದ್ರು! ನಾನೇನ್ಮಾಡ್ಲಿ? ಟೇಪಿನಲ್ಲಿ ಎಲ್ಲಾ ಇದೆ, ಕಣ್ಣಾರೆ ನೋಡಿ!"

"ಅಸಲಿ ಸರವನ್ನೇ ಅವ್ರ ಕೈಗೆ ಕೊಟ್ರಾ?" ಅತ್ತೆಯ ಮುಖ ಬಿಳುಚಿತು.

"ನಿಮ್ಮಾಣೆಗೂ ಅಸಲಿದೇ. ನಾನೇ ತಿಜೋರಿಯಿಂದ ತೆಗೆದದ್ದು. ಫುಂಗ್ ಅಕ್ಕನೇ ಸಾಕ್ಷಿ!"

ಅಂಗಡಿಯ ಬಾಗಿಲು ತೆರೆಯಿತು. ತಾಮ್ ಏದುಸಿರು ಬಿಡುತ್ತ ಒಳಬಂದು, ಸರದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿ ನೀಡಿದ.

"ಕ್ಷಮಿಸಿ ಸಾರ್, ಮುಂದಿನ ಬೀದೀಲಿ ಇನ್ನೊಂದು ಶಾಟ್ ತೆಗೆದ್ವಿ, ತಡವಾಯ್ತು. ಸರಿಯಾಗಿದೆಯಾ ನೋಡ್ಕೊಳ್ಳಿ."

"ವಾಪಸ್ ಯಾಕ್ರೀ ತಂದ್ರಿ?" ಮೋಕ್‌ನ ಬಾಯಿಂದ ಮಾತು ಜಾರಿಬಿತ್ತು.

ತಾಮ್ ಗೊಳ್ಳನೆ ನಕ್ಕ. "ಅಸಲಿದು ಅಂತ ಹೇಳಿ ನಮ್ಮ ಜೀವ ತೆಗೆದಿದ್ರಿ ಸಾರ್! ನೀವು ಕೊಟ್ಟಿದ್ದನ್ನ ನಮ್ಮ ನಾಯಕಿ ಕೆನ್ನೆಗಿಟ್ಕೊಂಡ್ಳಲ್ಲ, ಆಗ್ಲೇ ಗಾಜು ಅಂತ ಗೊತ್ತಾಯ್ತಂತೆ. ಜೇಡ್ ಆಗಿದ್ರೆ ತಣ್ಣಗಿರ್ತಿತ್ತಂತೆ. ಒಳ್ಳೇ ಕೆಲ್ಸ ಮಾಡಿದ್ರಿ ಬಿಡಿ. ಅಂಥಾ ಸರವನ್ನ ಯಾರಾದ್ರೂ ಕಂಡೋರ ಕೈಗೆ ಕೊಡ್ತಾರಾ?"

ಅತ್ತೆ ಪೆಟ್ಟಿಗೆಯತ್ತ ನೋಡಲೇ ಇಲ್ಲ. ಅಂಗೈಯನ್ನು ಮೋಕ್‌ನ ಮುಂದೆ ಚಾಚಿದರು.

"ಹಾಗಾದ್ರೆ ಅಸಲಿದನ್ನ ಕೊಡಿ, ಅಳಿಯಂದ್ರೇ."