ಹೊರೆಯಿಲ್ಲದ ದಿನ

ಸೇಂಗಾ ಕೀಳುವ ಹಂಗಾಮು. ಕೆಳಗೆ ಹೊಲಗಳಲ್ಲಿ ಹೆಂಗಸರು ಸಾಲುಹಿಡಿದು ಬಗ್ಗಿ ಬಳ್ಳಿ ಕಿತ್ತು ಗುಡ್ಡೆ ಹಾಕುತ್ತಿದ್ದರು. ಮೇಲೆ, ಕಲ್ಲುಗುಡ್ಡದ ನೆತ್ತಿಯಲ್ಲಿ, ಗಾದೆಮ್ಮ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಮಂದಿ ದುಡಿಯಾಕತ್ತಾರ, ನಾವು ಟಿಕೀಟು ತಗಂಡು ಕುಂತು ನೋಡಾಕತ್ತೀವಿ,” ಎಂದಳು.

“ಇವತ್ತೊಂದಿನ ಸುಮ್ನ ಕುಂದ್ರಬೇ ಯವ್ವಾ. ಅದಕ್ಕಾ ಕರ್ಕಂಡು ಬಂದೀನಿ,” ಎಂದಳು ಮಗಳು ಲಕ್ಷ್ಮಿದೇವಿ.

ಲಕ್ಷ್ಮಿದೇವಿ ಕೊಟ್ಟೂರಿನ ಶಾಲೆಯಲ್ಲಿ ಟೀಚರು. ಇದೇ ಗುಡ್ಡದ ಸೌದೆಯನ್ನು ಅವ್ವ ಇಪ್ಪತ್ತು ವರ್ಷ ತಲೆಯ ಮೇಲೆ ಹೊತ್ತು ಕೂಡ್ಲಿಗಿಯ ಹೋಟೆಲುಗಳಿಗೆ ಹಾಕಿದ್ದರಿಂದಲೇ ಅವಳ ಕೈಗೆ ಸೀಮೆಸುಣ್ಣ ಬಂದದ್ದು. ಈಗ ಗುಡ್ಡಕ್ಕೆ ಬೇಲಿ ಬಂದಿದೆ, ಗೇಟು ಬಂದಿದೆ. ಭಾನುವಾರ ಬೂಟು ಹಾಕಿಕೊಂಡ ಮಂದಿ ಸುಮ್ಮನೆ ಏರಿ ಸುಮ್ಮನೆ ಇಳಿಯುತ್ತಾರೆ. ಅವ್ವನೂ ಒಂದು ದಿನ ಹಾಗೆ ಏನೂ ಹೊರದೆ ಹತ್ತಿ ಇಳಿಯಲಿ ಎಂಬುದು ಅವಳ ಎಷ್ಟೋ ವರ್ಷದ ಆಸೆ. ಬುತ್ತಿ, ನೀರಿನ ಬಾಟಲಿ ಇದ್ದ ಬ್ಯಾಗನ್ನು ಬೆಳಿಗ್ಗೆಯಿಂದ ತಾನೇ ಹೊತ್ತಿದ್ದಳು, ಅವ್ವನಿಗೆ ಹೊರಗೊಟ್ಟಿರಲಿಲ್ಲ.

ನಾಲ್ಕಕ್ಕೆ ಕೆಳಗಿನಿಂದ ಅರಣ್ಯ ಇಲಾಖೆಯ ವಾಚರ್ ಕಾಂತೇಶನ ಸೀಟಿ ಕೇಳಿತು. ಹೊತ್ತು ಇಳಿದರೆ ಕರಡಿಗಳು ಬಂಡೆಯ ಸಂದಿ ಬಿಟ್ಟು ಹೊರಡುತ್ತವೆ. ಅಷ್ಟರಲ್ಲಿ ಎಲ್ಲರೂ ಗೇಟಿನಾಚೆ ಇರಬೇಕು.

ಏರುವಾಗ ಎಲ್ಲೂ ತಡವರಿಸದ ಗಾದೆಮ್ಮ ಇಳಿಜಾರಿನ ಮೊದಲ ಬಂಡೆಯಲ್ಲೇ ಜಾರಿ ಕೂತಳು. ಎದ್ದು ನಾಲ್ಕು ಹೆಜ್ಜೆ ಇಟ್ಟು ಮತ್ತೆ ಮುಗ್ಗರಿಸಿದಳು. ಲಕ್ಷ್ಮಿದೇವಿ ರಟ್ಟೆ ಹಿಡಿದರೆ ಇಬ್ಬರೂ ವಾಲಿದರು. ಮೂರನೆಯ ಸಲ ಬಿದ್ದಾಗ ಮೊಣಕೈ ತರಚಿ ರಕ್ತ ಜಿನುಗಿತು. ಮುಕ್ಕಾಲು ಗುಡ್ಡ ಇನ್ನೂ ಕೆಳಗಿತ್ತು. ಬೇರೆಯವರೆಲ್ಲ ಇಳಿದು ಹೋಗಿದ್ದರು. ಸೀಟಿ ಮತ್ತೆ ಕೇಳಿತು.

“ನಿನಗ ವಯಸ್ಸಾಗೇತಿ. ಕರ್ಕಂಡು ಬಂದಿದ್ದಾ ನನ್ನ ತಪ್ಪು,” ಎನ್ನುತ್ತಾ ಲಕ್ಷ್ಮಿದೇವಿ ಸೆರಗಿನಿಂದ ರಕ್ತ ಒರೆಸಿದಳು.

“ವಯಸ್ಸಲ್ಲ ಬಿಡು. ಬರೇ ತಲಿಲೆ ಈ ಗುಡ್ಡ ಎಂದಾರ ಇಳದೀನೇನು ನಾನು? ಮ್ಯಾಲೆ ಭಾರ ಇಲ್ಲ, ಕಾಲು ನೆಲಾ ಹಿಡಿಯವಲ್ದು. ಆ ಬ್ಯಾಗು ತಾ ಇಲ್ಲಿ.”

“ಬ್ಯಾಡಬೇ. ಇವತ್ತೊಂದಿನ ಬ್ಯಾಡ.”

“ಹಂಗಾರ ನನ್ನ ಕರಡಿಗೆ ಕೊಟ್ಟು ಹೋಗು. ಅದಕ್ಕಾರ ಹೊಟ್ಟಿ ತುಂಬ್ಲಿ.”

ಗಾದೆಮ್ಮ ಹೆಗಲ ಮೇಲಿನ ಟವೆಲ್ಲು ಸುತ್ತಿ ಸಿಂಬೆ ಮಾಡಿ ನೆತ್ತಿಯ ಮೇಲಿಟ್ಟುಕೊಂಡಳು. ಲಕ್ಷ್ಮಿದೇವಿ ಒಂದು ಬಂಡೆ ಮೇಲೆ ನಿಂತು ಬ್ಯಾಗನ್ನು ಸಿಂಬೆಯ ಮೇಲಿಟ್ಟಳು. ಬುತ್ತಿ ಮುಗಿದಿತ್ತು, ಬಾಟಲಿ ಬರಿದಾಗಿತ್ತು. ಎರಡು ಹೆಜ್ಜೆಗೆ ಗಾದೆಮ್ಮನ ಮೈ ಮತ್ತೆ ತೊನೆಯಿತು.

“ಹೂವಿಟ್ಟಂಗ ಆತಿದು. ಕಲ್ಲು ಹಾಕು.”

ಲಕ್ಷ್ಮಿದೇವಿ ತಾಯಿಯ ಮುಖ ನೋಡಿದಳು. ತಮಾಷೆಯಾಗಿರಲಿಲ್ಲ. ಬಗ್ಗಿ ಒಂದು ಕಲ್ಲು ಆರಿಸಿ, ಬಾಯಿ ತೆರೆದಿದ್ದ ಬ್ಯಾಗಿನೊಳಗೆ ಮೆಲ್ಲಗೆ ಇಳಿಸಿದಳು. ಆಮೇಲೆ ಇನ್ನೊಂದು. ಪ್ರತಿ ಕಲ್ಲಿಗೂ ಗಾದೆಮ್ಮ ಒಂದು ಹೆಜ್ಜೆ ಇಳಿದು ನೋಡಿ, “ಊಹೂಂ,” ಎಂದು ನಿಲ್ಲುತ್ತಿದ್ದಳು. ಏಳನೆಯದಕ್ಕೆ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಹಿಮ್ಮಡಿ ಬಂಡೆಗೆ ಕಚ್ಚಿಕೊಂಡಿತು. ಬೆಳಿಗ್ಗೆಯಿಂದ ಇಲ್ಲದ ಒಂದು ನೆಮ್ಮದಿ ಮುಖಕ್ಕೆ ಬಂತು.

“ಸಾಕಾ?” ಎಂದಳು ಲಕ್ಷ್ಮಿದೇವಿ.

“ಇನ್ನೊಂದು ಹಾಕು. ನೀ ಡಿಎಡ್ ಓದುವಾಗ ಸೌದಿ ಹೊರಿ ಇದರ ಎರಡರಷ್ಟಿರ್ತಿತ್ತು.”

ಲಕ್ಷ್ಮಿದೇವಿಯ ಕೈ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಅಂಗೈಯಲ್ಲಿ ದಿನವೆಲ್ಲ ಬಿಸಿಲು ಕುಡಿದ ಕಲ್ಲು.

“ಹೊತ್ತು ಹೊಂಟೈತಿ, ಇಡವ್ವಾ,” ಎಂದು ಗಾದೆಮ್ಮ ಕತ್ತು ಕದಲಿಸದೆ ಕಾದಳು.